ಪ್ಲಾಸ್ಮಾದೊಳಗೆ ಇಲೆಕ್ಟ್ರಾನ್–ಅಯಾನು ಡಿಕ್ಕಿ: ಸ್ಕ್ರೀನಿಂಗ್ ಸೇರಿಸಿ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ, ಹತ್ತನೆಯ ತರಗತಿಯ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಮುಂದೆ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಸೇರಿದ ಮಕ್ಕಳು ಪ್ರಾಜೆಕ್ಟ್ ಸಮಯಕ್ಕೆ ನನಗೆ ಕಳುಹಿಸುವ ಗ್ರಾಫ್ ಹೆಚ್ಚುಕಡಿಮೆ ಒಂದೇ. ಅದರಲ್ಲಿ ಎರಡು ಗೆರೆ. ಮೇಲಿನದಕ್ಕೆ ‘ಸ್ಕ್ರೀನಿಂಗ್ ಇಲ್ಲ’, ಕೆಳಗಿನದಕ್ಕೆ ‘ಸ್ಕ್ರೀನಿಂಗ್ ಇದೆ’ ಎಂಬ ಹೆಸರು. ಅಡಿಯಲ್ಲಿ ‘ಪ್ಲಾಸ್ಮಾದ ಮರೆಯಿಂದಾಗಿ ಕ್ರಾಸ್ ಸೆಕ್ಷನ್ ಕಡಿಮೆಯಾಗುತ್ತದೆ’ ಎಂಬ ತೀರ್ಮಾನ. ಕ್ರಾಸ್ ಸೆಕ್ಷನ್ ಎಂದರೆ ಡಿಕ್ಕಿಯ ಸಾಧ್ಯತೆಯನ್ನು ವಿಸ್ತೀರ್ಣವಾಗಿ ಹೇಳುವ ಅಳತೆ. ಸ್ಕ್ರೀನಿಂಗ್ ಅಥವಾ ಮರೆ ಎಂದರೆ ಒಂದು ವಿದ್ಯುದಂಶದ ಬಲ ದೂರಕ್ಕೆ ಮುಟ್ಟದಂತೆ ಪ್ಲಾಸ್ಮಾದ ಕಣಗಳು ಅದರ ಸುತ್ತ ಕಟ್ಟುವ ಮುಸುಕು. ಆ ಮರೆಯನ್ನು ಎಲ್ಲಿ ಸೇರಿಸಿದಿರಿ ಎಂದು ಕೇಳಿದರೆ ಪ್ರೋಗ್ರಾಮಿನ ಒಂದು ಸಾಲನ್ನು ತೋರಿಸುತ್ತಾರೆ.

ಎಡವಟ್ಟು ಇರುವುದು ಅಲ್ಲೇ. ಸ್ಕ್ರೀನಿಂಗ್ ಒಂದು ಸಾಲಿನಲ್ಲಿ ಬಂದು ಹೋಗುವ ಗುಣಕವಲ್ಲ. ಅಯಾನಿನ ಶಕ್ತಿಮಟ್ಟ, ಅದರ ತರಂಗ ಫಲನ, ಬಂದು ಬಡಿಯುವ ಇಲೆಕ್ಟ್ರಾನ್ ಕಾಣುವ ವಿಭವ, ಕೊನೆಗೆ ತಾಪದ ಮೇಲಿನ ಸರಾಸರಿ, ಈ ನಾಲ್ಕು ಕಡೆ ಅದು ಬೇರೆ ಬೇರೆಯಾಗಿ ಕೆಲಸ ಮಾಡುತ್ತದೆ. ಮರೆ ಕಟ್ಟುವಷ್ಟು ಪುರುಸೊತ್ತು ಪ್ಲಾಸ್ಮಾಕ್ಕೆ ಸಿಗುತ್ತದೆಯೇ ಎಂದು ಪ್ರತಿ ಕಡೆಯೂ ಕೇಳಬೇಕು. ಕೆಳಗಿನ ಕ್ರಮವನ್ನು ಹಿಂದುಮುಂದು ಮಾಡಬೇಡಿ. ಐದನೆಯ ಹಂತದಿಂದ ಶುರು ಮಾಡಿದವರೇ ಹೆಚ್ಚಾಗಿ ಸಿಕ್ಕಿಬೀಳುವುದು.

ಉದ್ದಕ್ಕೂ ಒಂದೇ ಉದಾಹರಣೆಯನ್ನು ಬಳಸುತ್ತೇನೆ: ತಾಪ 50 ಇಲೆಕ್ಟ್ರಾನ್ ವೋಲ್ಟ್, ಸಾಂದ್ರತೆ ಘನ ಸೆಂಟಿಮೀಟರಿಗೆ 10²² ಇಲೆಕ್ಟ್ರಾನ್. ಪ್ರೋಗ್ರಾಮನ್ನು ಪರೀಕ್ಷಿಸಲು ಹೈಡ್ರೋಜನ್, ನಿಜವಾದ ಲೆಕ್ಕಕ್ಕೆ ಒಂದೇ ಇಲೆಕ್ಟ್ರಾನ್ ಉಳಿದಿರುವ ಹೀಲಿಯಂ ಅಯಾನು. ಈ ತಾಪದಲ್ಲಿ ತಟಸ್ಥ ಹೈಡ್ರೋಜನ್ ಉಳಿಯುವುದಿಲ್ಲ ಎಂಬುದು ಗೊತ್ತಿರಲಿ. ಅದು ಇಲ್ಲಿ ಬರೀ ಒರೆಗಲ್ಲು.

ಬೇಕಾಗುವ ಸಾಮಗ್ರಿ

ನಾಲ್ಕು ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪ್ ಸಾಕು. ಪೈಥಾನ್, ಜತೆಗೆ ನಮ್‌ಪೈ ಮತ್ತು ಸೈಪೈ ಇರಲಿ. ಲೆಕ್ಕವನ್ನೆಲ್ಲ ಪರಮಾಣು ಏಕಮಾನದಲ್ಲೇ ಮಾಡಿ: ಉದ್ದಕ್ಕೆ ಬೋರ್ (0.529 ಆಂಗ್‌ಸ್ಟ್ರಾಮ್), ಶಕ್ತಿಗೆ ಹಾರ್ಟ್ರಿ (27.21 ಇಲೆಕ್ಟ್ರಾನ್ ವೋಲ್ಟ್). ಬೇರೆ ಏಕಮಾನಕ್ಕೆ ಬದಲಾಯಿಸುವುದು ಮೊದಲ ಹಂತದಲ್ಲಿ ಒಮ್ಮೆ, ಕೊನೆಯ ಹಂತದಲ್ಲಿ ಒಮ್ಮೆ ಮಾತ್ರ.

ಮಳೆಗಾಲದಲ್ಲಿ ಲೆಕ್ಕ ಓಡಿಸುವವರು ಪ್ರತಿ ಶಕ್ತಿಯ ಫಲಿತಾಂಶವನ್ನೂ ಆಗಿಂದಾಗಲೇ ಫೈಲಿಗೆ ಬರೆಯುವ ಸಾಲೊಂದನ್ನು ಸೇರಿಸಿಕೊಳ್ಳಿ. ಅಡಿಕೆ ಮರ ತಂತಿಯ ಮೇಲೆ ಬಿದ್ದರೆ ಕರೆಂಟು ಯಾವಾಗ ಬರುತ್ತದೆ ಎಂದು ಹೇಳುವವರಿಲ್ಲ, ಲ್ಯಾಪ್‌ಟಾಪಿನ ಹಳೆಯ ಬ್ಯಾಟರಿಯನ್ನು ನಂಬುವಂತೆಯೂ ಇಲ್ಲ.

ಹಂತ 1: ಮೊದಲು ಪ್ಲಾಸ್ಮಾವನ್ನು ಅಳೆಯಿರಿ

ಡಿಕ್ಕಿಯ ಮಾತು ಆಮೇಲೆ. ಮೊದಲು ನಾಲ್ಕು ಸಂಖ್ಯೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಒಂದನೆಯದು ಡೀಬೈ ಉದ್ದ, ಅಂದರೆ ಎಷ್ಟು ದೂರದಲ್ಲಿ ಮರೆ ವಿದ್ಯುದಂಶವನ್ನು ಮುಚ್ಚಿಬಿಡುತ್ತದೆ ಎಂಬ ಅಳತೆ. ತಾಪವನ್ನು ಇಲೆಕ್ಟ್ರಾನ್ ವೋಲ್ಟಿನಲ್ಲೂ ಸಾಂದ್ರತೆಯನ್ನು ಘನ ಸೆಂಟಿಮೀಟರಿಗೆ ಇಷ್ಟು ಎಂದೂ ತೆಗೆದುಕೊಂಡರೆ,

ಡೀಬೈ ಉದ್ದ (ಸೆಂಟಿಮೀಟರ್) = 743 × √(ತಾಪ ÷ ಸಾಂದ್ರತೆ)

ನಮ್ಮ ಉದಾಹರಣೆಗೆ ಇದು 5.25 × 10⁻⁸ ಸೆಂಟಿಮೀಟರ್, ಅಂದರೆ 9.9 ಬೋರ್. ಮುಂದೆ ಇದನ್ನು 10 ಎಂದೇ ಹಿಡಿಯುತ್ತೇನೆ. ಇದರ ವ್ಯುತ್ಕ್ರಮ 0.1, ಅದನ್ನು ಕಪ್ಪಾ ಎಂದು ಕರೆಯೋಣ. ಮೀಟರಿನ ಸೂತ್ರದಲ್ಲಿ 743ರ ಜಾಗದಲ್ಲಿ 7,434 ಇರುತ್ತದೆ. ಒಂದು ಪುಸ್ತಕದಿಂದ ಸ್ಥಿರಾಂಕವನ್ನೂ ಇನ್ನೊಂದರಿಂದ ಸಾಂದ್ರತೆಯನ್ನೂ ಎತ್ತಿಕೊಂಡು ಉತ್ತರ ಸಾವಿರ ಪಟ್ಟು ಹೆಚ್ಚು ಬಂದ ಲೆಕ್ಕಗಳು ನನ್ನ ಮೇಜಿನ ಮೇಲೆ ಬೇಕಾದಷ್ಟಿವೆ.

ಎರಡನೆಯದು ಕಪ್ಲಿಂಗ್ ಗುಣಾಂಕ: ನೆರೆಯ ಎರಡು ಕಣಗಳ ನಡುವಿನ ವಿದ್ಯುತ್ ಶಕ್ತಿಯನ್ನು ತಾಪದಿಂದ ಭಾಗಿಸಿದ್ದು. 10²² ಸಾಂದ್ರತೆಯಲ್ಲಿ ಕಣಗಳ ಸರಾಸರಿ ಅಂತರ 2.88 ಆಂಗ್‌ಸ್ಟ್ರಾಮ್. 14.4ನ್ನು (ಒಂದು ಆಂಗ್‌ಸ್ಟ್ರಾಮ್ ಅಂತರದ ಎರಡು ಇಲೆಕ್ಟ್ರಾನುಗಳ ವಿದ್ಯುತ್ ಶಕ್ತಿ, ಇಲೆಕ್ಟ್ರಾನ್ ವೋಲ್ಟಿನಲ್ಲಿ) ಅದರಿಂದ ಭಾಗಿಸಿದರೆ 5 ಇಲೆಕ್ಟ್ರಾನ್ ವೋಲ್ಟ್, ಅದನ್ನು 50ರಿಂದ ಭಾಗಿಸಿದರೆ 0.1. ಮೂರನೆಯದು ಡೀಬೈ ಗೋಳದೊಳಗಿನ ಇಲೆಕ್ಟ್ರಾನುಗಳ ಸಂಖ್ಯೆ. ನಮ್ಮಲ್ಲಿ ಸುಮಾರು 6. ಡೀಬೈ ಸಿದ್ಧಾಂತ ನಿಂತಿರುವುದೇ ಗೋಳದ ತುಂಬ ಕಣಗಳಿರುತ್ತವೆ ಎಂಬ ಊಹೆಯ ಮೇಲೆ. ಆರು ಎಂಬುದು ಅಂಚಿನ ಸಂಖ್ಯೆ, ಸುಧಾರಿಸಬಹುದು. ಆದರೆ ಇದೇ ಸಾಂದ್ರತೆಯಲ್ಲಿ ತಾಪವನ್ನು 10 ಇಲೆಕ್ಟ್ರಾನ್ ವೋಲ್ಟಿಗೆ ಇಳಿಸಿದರೆ ಗೋಳದಲ್ಲಿ ಉಳಿಯುವುದು ಅರ್ಧ ಇಲೆಕ್ಟ್ರಾನ್. ಆಗಲೂ ಡೀಬೈ ವಿಭವವನ್ನೇ (ಡೀಬೈ ಉದ್ದಕ್ಕೆ ತಕ್ಕಂತೆ ಇಳಿಯುವ ಕೂಲಂ ವಿಭವವನ್ನೇ) ಹಾಕಿ ಗ್ರಾಫ್ ತೆಗೆಯುವುದೆಂದರೆ, ಪ್ರೇಕ್ಷಕರೇ ಇಲ್ಲದ ಬಯಲಾಟಕ್ಕೆ ಜನಸಾಗರ ಹರಿದುಬಂತೆಂದು ವರದಿ ಬರೆದಂತೆ. ಅಂಥ ಕಡೆ ಅಯಾನು ಗೋಳದ ಮಾದರಿಗೆ ಹೋಗಬೇಕು. ಅಯಾನಿನ ಸುತ್ತ ಅದರ ನಿವ್ವಳ ವಿದ್ಯುದಂಶವನ್ನು ಸರಿದೂಗಿಸುವಷ್ಟೇ ಇಲೆಕ್ಟ್ರಾನುಗಳಿರುವ ಗೋಳವನ್ನು ಎಳೆದು, ಅದರಾಚೆಗೆ ವಿಭವ ಸೊನ್ನೆ ಎಂದು ಹಿಡಿಯುವ ಮಾದರಿ ಅದು.

ನಾಲ್ಕನೆಯದನ್ನು ಬಹುತೇಕ ಯಾರೂ ಬರೆದುಕೊಳ್ಳುವುದಿಲ್ಲ: ಪ್ಲಾಸ್ಮಾ ಆವೃತ್ತಿಗೆ (ಪ್ಲಾಸ್ಮಾದ ಇಲೆಕ್ಟ್ರಾನುಗಳು ಒಟ್ಟಾಗಿ ಓಲಾಡುವ ಆವೃತ್ತಿಗೆ) ಸರಿಹೊಂದುವ ಶಕ್ತಿ. ಸಾಂದ್ರತೆಯ ವರ್ಗಮೂಲವನ್ನು 3.71 × 10⁻¹¹ರಿಂದ ಗುಣಿಸಿದರೆ ಇಲೆಕ್ಟ್ರಾನ್ ವೋಲ್ಟಿನಲ್ಲಿ ಸಿಗುತ್ತದೆ. ನಮ್ಮಲ್ಲಿ 3.7. ಆರನೆಯ ಹಂತದಲ್ಲಿ ಇಡೀ ಲೆಕ್ಕ ಈ ಸಂಖ್ಯೆಯ ಮೇಲೆ ನಿಲ್ಲುತ್ತದೆ.

ಫರ್ಮಿ ಶಕ್ತಿಯನ್ನೂ ಒಮ್ಮೆ ನೋಡಿಬಿಡಿ. ತಾಪ ಅದಕ್ಕಿಂತ ಕಡಿಮೆಯಾದರೆ ಇಲೆಕ್ಟ್ರಾನುಗಳಿಗೆ ಮ್ಯಾಕ್ಸ್‌ವೆಲ್ ಹಂಚಿಕೆ ಹೊಂದುವುದಿಲ್ಲ. ಇಲ್ಲಿ ಅದು 1.7 ಇಲೆಕ್ಟ್ರಾನ್ ವೋಲ್ಟ್. ತಾಪ 50 ಇರುವುದರಿಂದ ಚಿಂತೆಯಿಲ್ಲ.

ಎಚ್ಚರಿಕೆಯ ಗುರುತು: ಡೀಬೈ ಉದ್ದ ಸಾವಿರಾರು ಬೋರ್ ಬಂದರೆ ಅಯಾನಿನ ಒಳರಚನೆಯ ಮೇಲೆ ಸ್ಕ್ರೀನಿಂಗ್ ಪರಿಣಾಮ ಹುಡುಕುವುದನ್ನು ನಿಲ್ಲಿಸಿ. ಮನೆಯ ಟ್ಯೂಬ್‌ಲೈಟಿನಂಥ ಪ್ಲಾಸ್ಮಾವನ್ನು ತೆಗೆದುಕೊಳ್ಳಿ. 1 ಇಲೆಕ್ಟ್ರಾನ್ ವೋಲ್ಟ್ ತಾಪ, 10¹¹ ಸಾಂದ್ರತೆ ಎಂದಿಟ್ಟುಕೊಂಡರೆ ಡೀಬೈ ಉದ್ದ ನಾಲ್ಕು ಲಕ್ಷ ಬೋರ್ ದಾಟುತ್ತದೆ. ಅಲ್ಲಿನ ಅಯಾನಿಗೆ ಪ್ಲಾಸ್ಮಾ ಇದೆ ಎಂಬುದೇ ಗೊತ್ತಾಗುವುದಿಲ್ಲ. ಇನ್ನೊಂದು ತುದಿಯಲ್ಲಿ ಸೂರ್ಯನ ಕೇಂದ್ರವಿದೆ. ಅಲ್ಲಿ ತಾಪ ಸುಮಾರು 1.5 ಕೋಟಿ ಕೆಲ್ವಿನ್. ಡೀಬೈ ಉದ್ದ ಒಂದು ಬೋರ್‌ಗಿಂತಲೂ ಕಡಿಮೆ.

ಹಂತ 2: ಯಾರ ಮರೆ ಎಂದು ತೀರ್ಮಾನಿಸಿ

ಮೇಲಿನ 9.9 ಬೋರ್ ಇಲೆಕ್ಟ್ರಾನುಗಳ ಮರೆ ಮಾತ್ರ. ಅಯಾನುಗಳೂ ಅದೇ ತಾಪದಲ್ಲಿದ್ದು, ಪ್ರತಿಯೊಂದರ ವಿದ್ಯುದಂಶ 1 ಆಗಿದ್ದು, ಅವೂ ಮರೆಯಲ್ಲಿ ಸೇರಿಕೊಂಡರೆ ಉದ್ದ √2ರಿಂದ ಭಾಗವಾಗಿ 7.0ಕ್ಕೆ ಇಳಿಯುತ್ತದೆ. ಯಾವುದನ್ನು ಬಳಸಬೇಕು? ಅಯಾನುಗಳು ಭಾರ, ನಿಧಾನ. ಒಂದು ಇಲೆಕ್ಟ್ರಾನ್ ಬಂದು ಬಡಿದು ಹೋಗುವ ಹೊತ್ತಿಗೆ ಅವು ಕದಲಿಯೂ ಇರುವುದಿಲ್ಲ. ಆದ್ದರಿಂದ ಬಡಿಯುವ ಇಲೆಕ್ಟ್ರಾನ್ ಮತ್ತು ಅಯಾನಿನೊಳಗಿನ ಇಲೆಕ್ಟ್ರಾನಿನ ನಡುವಿನ ಬಲಕ್ಕೆ ಅಯಾನುಗಳ ಮರೆಯನ್ನು ಸೇರಿಸುವುದು ನನಗೆ ಒಪ್ಪಿಗೆಯಿಲ್ಲ. ನಿಂತಲ್ಲೇ ನಿಂತ ನ್ಯೂಕ್ಲಿಯಸ್‌ನ ಸುತ್ತಲಿನ ಮರೆಗೆ ಅವನ್ನು ಸೇರಿಸಬಹುದು. ಯಾವುದನ್ನು ಆರಿಸಿದಿರಿ ಎಂದು ಪ್ರಬಂಧದಲ್ಲಿ ಒಂದು ವಾಕ್ಯ ಬರೆಯಿರಿ. ಬರೆಯದಿದ್ದರೆ ನಿಮ್ಮ ಸಂಖ್ಯೆಗಳನ್ನು ಬೇರೆಯವರ ಸಂಖ್ಯೆಗಳಿಗೆ ಹೋಲಿಸಲು ಯಾರಿಗೂ ಆಗುವುದಿಲ್ಲ.

ಹಂತ 3: ಅಯಾನಿನ ಮಟ್ಟಗಳನ್ನು ಹೊಸದಾಗಿ ಕಂಡುಹಿಡಿಯಿರಿ

ಕೂಲಂ ವಿಭವವನ್ನು ಕಪ್ಪಾ ಇರುವ ಘಾತೀಯ ಇಳಿಕೆಯಿಂದ ಗುಣಿಸಿ, ತ್ರಿಜ್ಯದ ಶ್ರೋಡಿಂಗರ್ ಸಮೀಕರಣವನ್ನು ಸಂಖ್ಯಾತ್ಮಕವಾಗಿ ಬಿಡಿಸಿ. ಇದಕ್ಕೆ ಪೂರ್ಣ ಸೂತ್ರವಿಲ್ಲ. ಹೈಡ್ರೋಜನ್‌ನ ಹಳೆಯ ತರಂಗ ಫಲನಗಳನ್ನೇ ಇಟ್ಟುಕೊಂಡು ಮುಂದಿನ ಹಂತಕ್ಕೆ ಹಾರುವುದು ಎಲ್ಲರೂ ಮಾಡುವ ಮೊದಲ ತಪ್ಪು.

ಜಾಲರಿಯ ಹೆಜ್ಜೆ 0.01 ಬೋರ್, ಪೆಟ್ಟಿಗೆಯ ಉದ್ದ 80 ಬೋರ್ ಇರಲಿ. ಅಂದರೆ 8,000 ಬಿಂದುಗಳು. ಇಲ್ಲಿ ಪೂರ್ಣ ಮ್ಯಾಟ್ರಿಕ್ಸ್ ಕಟ್ಟಬೇಡಿ. 8,000 × 8,000 ಸಂಖ್ಯೆಗಳು ಅರ್ಧ ಜಿಬಿಗೂ ಹೆಚ್ಚು ಮೆಮೊರಿ ನುಂಗುತ್ತವೆ. ಐಗನ್ ಮೌಲ್ಯ ಹುಡುಕುವಾಗ ಅದರ ಪ್ರತಿಗಳೂ ಬೇಕಾಗಿ ಲ್ಯಾಪ್‌ಟಾಪ್ ಮಂಕಾಗಿ ಕುಳಿತುಬಿಡುತ್ತದೆ. ಮ್ಯಾಟ್ರಿಕ್ಸ್‌ನಲ್ಲಿ ಸೊನ್ನೆಯಲ್ಲದ್ದು ಮೂರೇ ಕರ್ಣಗಳು. ಅಂಥವಕ್ಕೆಂದೇ ಸೈಪೈಯಲ್ಲಿ ಬೇರೆ ರೂಟೀನ್ ಇದೆ. ಅದನ್ನು ಬಳಸಿದರೆ ಕೆಳಗಿನ ಕೆಲವು ಮಟ್ಟಗಳು ಬೇಗನೆ ಸಿಗುತ್ತವೆ.

ಪರೀಕ್ಷೆ ಎರಡು. ಕಪ್ಪಾವನ್ನು ಸೊನ್ನೆ ಮಾಡಿದಾಗ ಹೈಡ್ರೋಜನ್‌ಗೆ −0.5, −0.125 ಬರಬೇಕು. ಡೀಬೈ ಉದ್ದ 10 ಬೋರ್ ಇಟ್ಟಾಗ 1ಎಸ್ −0.4071, 2ಎಸ್ −0.0499, 2ಪಿ −0.0465 ಹಾರ್ಟ್ರಿ ಬರಬೇಕು. ನಾಲ್ಕನೆಯ ದಶಮಾಂಶದವರೆಗೆ ಹೊಂದದಿದ್ದರೆ ಮುಂದೆ ಹೋಗಬೇಡಿ.

ಈ ಮೂರು ಸಂಖ್ಯೆಗಳನ್ನು ಕೊಂಚ ನಿಧಾನವಾಗಿ ನೋಡಿ. ಮರೆಯಿಲ್ಲದಾಗ 2ಎಸ್ ಮತ್ತು 2ಪಿ ಒಂದೇ ಮಟ್ಟದಲ್ಲಿದ್ದವು. ಈಗ ಬೇರ್ಪಟ್ಟಿವೆ, 2ಪಿ ಮೇಲೆ ಹೋಗಿದೆ. ಅಯಾನೀಕರಣ ಶಕ್ತಿ 13.6ರಿಂದ 11.1 ಇಲೆಕ್ಟ್ರಾನ್ ವೋಲ್ಟಿಗೆ ಕುಸಿದಿದೆ, ಎರಡೂವರೆ ಇಲೆಕ್ಟ್ರಾನ್ ವೋಲ್ಟಿನ ಇಳಿಕೆ. ಆದರೆ 1ಎಸ್‌ನಿಂದ 2ಪಿಗೆ ಏರಲು ಬೇಕಾದ ಶಕ್ತಿ 10.2ರಿಂದ 9.8ಕ್ಕೆ ಮಾತ್ರ ಇಳಿದಿದೆ. ಕಾರಣ ಸರಳ. ವಿಭವವನ್ನು ಬಿಡಿಸಿ ಬರೆದರೆ ಮರೆಯ ಮೊದಲ ಕೊಡುಗೆ ಬರೀ ಒಂದು ಸ್ಥಿರಸಂಖ್ಯೆ. ಎಲ್ಲ ಮಟ್ಟಗಳನ್ನೂ ಅದು ಒಂದೇ ಅಳತೆಯಲ್ಲಿ ಮೇಲೆತ್ತುತ್ತದೆ. ವ್ಯತ್ಯಾಸ ತೆಗೆದಾಗ ಅದು ವಜಾ ಆಗುತ್ತದೆ, ಉಳಿಯುವುದು ಚಿಲ್ಲರೆ. ಹಾಗಾಗಿ ‘ಸ್ಕ್ರೀನಿಂಗ್‌ನಿಂದ ರೋಹಿತದ ಗೆರೆಗಳು ಬಹಳ ಸರಿಯುತ್ತವೆ’ ಎಂದು ಬರೆಯುವ ಮೊದಲು ನೀವು ನೋಡುತ್ತಿರುವುದು ಮಟ್ಟವೋ ಮಟ್ಟಗಳ ನಡುವಿನ ಅಂತರವೋ ಎಂದು ಕೇಳಿಕೊಳ್ಳಿ.

ಹೀಲಿಯಂ ಅಯಾನಿಗೆ ಹೊಸದಾಗಿ ಲೆಕ್ಕ ಬೇಕಿಲ್ಲ. ನ್ಯೂಕ್ಲಿಯಸ್‌ನ ವಿದ್ಯುದಂಶ 2 ಇರುವುದರಿಂದ, ಡೀಬೈ ಉದ್ದವನ್ನು ಎರಡು ಪಟ್ಟು ಮಾಡಿ ಹೈಡ್ರೋಜನ್ ಲೆಕ್ಕ ಓಡಿಸಿ, ಬಂದ ಶಕ್ತಿಯನ್ನು ನಾಲ್ಕರಿಂದ ಗುಣಿಸಿ. ನಮ್ಮ ಪ್ಲಾಸ್ಮಾದಲ್ಲಿ 1ಎಸ್ −49.2, 2ಎಸ್ −8.9, 2ಪಿ −8.8 ಇಲೆಕ್ಟ್ರಾನ್ ವೋಲ್ಟ್ ಬರುತ್ತದೆ. ಮರೆಯಿಲ್ಲದಾಗ ಇವು −54.4 ಮತ್ತು −13.6 ಇದ್ದವು.

ಎಚ್ಚರಿಕೆಯ ಗುರುತು: ಪೆಟ್ಟಿಗೆಯ ಉದ್ದವನ್ನು 80ರಿಂದ 120ಕ್ಕೆ ಏರಿಸಿದಾಗ ಒಂದು ಮಟ್ಟದ ಶಕ್ತಿ ಬದಲಾದರೆ ಆ ಮಟ್ಟವನ್ನು ನಂಬಬೇಡಿ. ಅದು ಪೆಟ್ಟಿಗೆಯ ಗೋಡೆ ಹಿಡಿದಿಟ್ಟುಕೊಂಡ ಸುಳ್ಳು ಮಟ್ಟ. ಹೈಡ್ರೋಜನ್‌ನಲ್ಲಿ ಡೀಬೈ ಉದ್ದ 4.54 ಬೋರ್‌ಗಿಂತ ಕಡಿಮೆಯಾದರೆ 2ಪಿ, 3.22ಕ್ಕಿಂತ ಕಡಿಮೆಯಾದರೆ 2ಎಸ್, 0.84ಕ್ಕಿಂತ ಕಡಿಮೆಯಾದರೆ 1ಎಸ್ ಕೂಡ ಬಂಧಿತವಾಗಿ ಉಳಿಯುವುದಿಲ್ಲ. ಹೀಲಿಯಂ ಅಯಾನಿಗೆ ಈ ಸಂಖ್ಯೆಗಳನ್ನು ಅರ್ಧ ಮಾಡಿಕೊಳ್ಳಿ. ಇಲ್ಲದ ಮಟ್ಟಕ್ಕೆ ಏರಿಸುವ ಕ್ರಾಸ್ ಸೆಕ್ಷನ್ ತೆಗೆದು, ಅದಕ್ಕೆ ಸುಂದರವಾದ ಗ್ರಾಫ್ ಬರೆದವರಿದ್ದಾರೆ. ಪ್ರೋಗ್ರಾಮ್ ತಾನಾಗಿ ಎಚ್ಚರಿಸುವುದಿಲ್ಲ.

ಹಂತ 4: ಸ್ಥಿತಿಸ್ಥಾಪಕ ಡಿಕ್ಕಿಯಲ್ಲಿ ಪ್ರೋಗ್ರಾಮನ್ನು ಒರೆಗೆ ಹಚ್ಚಿ

ಉದ್ರೇಕದ (ಡಿಕ್ಕಿಯಿಂದ ಅಯಾನು ಮೇಲಿನ ಮಟ್ಟಕ್ಕೆ ಏರುವುದರ) ಲೆಕ್ಕಕ್ಕೆ ಕೈಹಾಕುವ ಮೊದಲು, ಉತ್ತರ ಸೂತ್ರದಲ್ಲೇ ಸಿಗುವ ಸುಲಭದ ಲೆಕ್ಕವೊಂದನ್ನು ಮಾಡಿ. ವಿದ್ಯುದಂಶ 1 ಇರುವ ಬರಿಯ ನ್ಯೂಕ್ಲಿಯಸ್, ಸುತ್ತ ಡೀಬೈ ಮರೆ, ಬೋರ್ನ್ ಅಂದಾಜು (ಬಂದ ಇಲೆಕ್ಟ್ರಾನಿನ ತರಂಗ ವಿಭವದಿಂದ ಹೆಚ್ಚು ಬದಲಾಗುವುದಿಲ್ಲ ಎಂದು ಹಿಡಿಯುವುದು). ಮರೆಯಿಲ್ಲದಿದ್ದರೆ ಒಟ್ಟು ಕ್ರಾಸ್ ಸೆಕ್ಷನ್ ಅನಂತ. ಮರೆ ಬಂದೊಡನೆ ಅದು ಅಳತೆಗೆ ಸಿಗುತ್ತದೆ.

ತರಂಗ ಸಂಖ್ಯೆ 2 (54.4 ಇಲೆಕ್ಟ್ರಾನ್ ವೋಲ್ಟ್), ಕಪ್ಪಾ 0.1 ಇಟ್ಟರೆ ಒಟ್ಟು ಕ್ರಾಸ್ ಸೆಕ್ಷನ್ 314 ಚದರ ಬೋರ್ ಬರಬೇಕು. ಸಂವೇಗ ವರ್ಗಾವಣೆಯ ಕ್ರಾಸ್ ಸೆಕ್ಷನ್ (ದಿಕ್ಕು ಹೆಚ್ಚು ಬದಲಾದ ಡಿಕ್ಕಿಗೆ ಹೆಚ್ಚು ತೂಕ ಕೊಟ್ಟದ್ದು) 2.5 ಬರಬೇಕು. ಈಗ ಕಪ್ಪಾವನ್ನು ಅರ್ಧ ಮಾಡಿ. ಮೊದಲನೆಯದು ನಾಲ್ಕು ಪಟ್ಟಾಗಿ 1,250ರ ಆಸುಪಾಸಿಗೆ ಏರುತ್ತದೆ, ಎರಡನೆಯದು 3.05 ಆಗುತ್ತದೆ, ಅಷ್ಟೇ. ಒಟ್ಟು ಕ್ರಾಸ್ ಸೆಕ್ಷನ್ ತುಂಬಿರುವುದು ದೂರದಿಂದ ಸವರಿಕೊಂಡು ಹೋಗುವ, ದಿಕ್ಕು ಬದಲಾಗದ ಡಿಕ್ಕಿಗಳಿಂದ. ಅವುಗಳ ಮೇಲೆ ಮರೆಯ ಹಿಡಿತ ಬಿಗಿ. ಸಂವೇಗ ವರ್ಗಾವಣೆ ಲಾಗರಿದಮ್‌ನ ಲೆಕ್ಕದಲ್ಲಿ ಮಾತ್ರ ಅಲ್ಲಾಡುತ್ತದೆ. ಪ್ಲಾಸ್ಮಾದ ವಿದ್ಯುತ್ ರೋಧ ಬೇಕಿದ್ದವರು ಎರಡನೆಯದನ್ನು ಬಳಸಬೇಕು. ಮೊದಲನೆಯದನ್ನು ಹಾಕಿ ರೋಧ ನೂರು ಪಟ್ಟು ಬಂದಾಗ ಸ್ಥಿರಾಂಕಗಳಲ್ಲಿ ತಪ್ಪು ಹುಡುಕುತ್ತ ಕೂರಬೇಡಿ.

ಹಂತ 5: ಉದ್ರೇಕದ ಕ್ರಾಸ್ ಸೆಕ್ಷನ್, ಬೋರ್ನ್ ಅಂದಾಜಿನಲ್ಲಿ

ಈಗ ಅಸಲು ಕೆಲಸ. ಮರೆಯಿಲ್ಲದ ಬೋರ್ನ್ ಸೂತ್ರದಲ್ಲಿ ಸಂವೇಗ ವರ್ಗಾವಣೆಯ ವರ್ಗ ಛೇದದಲ್ಲಿರುತ್ತದೆ. ಮರೆ ಬಂದಾಗ ಅದಕ್ಕೆ ಕಪ್ಪಾದ ವರ್ಗವನ್ನು ಕೂಡಿಸಬೇಕು. ಆ ಒಂದು ಸಾಲು ಇದೇ. ಆದರೆ ಅದರೊಂದಿಗೆ ಇನ್ನೂ ಎರಡು ಬದಲಾವಣೆ ಆಗಲೇಬೇಕು.

ಅನುಕಲನದ ಮಿತಿಗಳನ್ನು ಬದಲಿಸಿ. ಸಂವೇಗ ವರ್ಗಾವಣೆಯ ಕನಿಷ್ಠ ಮತ್ತು ಗರಿಷ್ಠ ಬೆಲೆಗಳು ಒಳಬರುವ ಮತ್ತು ಹೊರಹೋಗುವ ತರಂಗ ಸಂಖ್ಯೆಗಳ ವ್ಯತ್ಯಾಸ ಮತ್ತು ಮೊತ್ತ. ಹೊರಹೋಗುವ ತರಂಗ ಸಂಖ್ಯೆ ಉದ್ರೇಕ ಶಕ್ತಿಯಿಂದ ಬರುತ್ತದೆ. ಆ ಶಕ್ತಿ ಮೂರನೆಯ ಹಂತದಲ್ಲಿ ಸಿಕ್ಕ ಹೊಸ ಶಕ್ತಿಯೇ ಆಗಿರಬೇಕು. ಒಂದೇ ಪ್ರೋಗ್ರಾಮಿನಲ್ಲಿ ಛೇದಕ್ಕೆ ಹೊಸ ವಿಭವ, ಮಿತಿಗಳಿಗೆ ಹಳೆಯ 0.375 ಹಾರ್ಟ್ರಿ ಇಟ್ಟರೆ ಶಕ್ತಿ ಸಂರಕ್ಷಣೆಯೇ ಮುರಿದಂತೆ.

ರೂಪ ಗುಣಕಕ್ಕೂ (ಅಯಾನಿನ ಮೊದಲ ಮತ್ತು ಕೊನೆಯ ಸ್ಥಿತಿಗಳಿಂದ ಬರುವ ಗುಣಕಕ್ಕೂ) ಹೊಸ ತರಂಗ ಫಲನಗಳನ್ನೇ ಹಾಕಿ. ಇಲ್ಲೊಂದು ಸೂಕ್ಷ್ಮವಿದೆ. ಬಡಿಯುವ ಇಲೆಕ್ಟ್ರಾನಿಗೂ ನ್ಯೂಕ್ಲಿಯಸ್‌ಗೂ ನಡುವಿನ ಬಲ ಉದ್ರೇಕದ ಲೆಕ್ಕದಿಂದ ತಾನಾಗಿ ಬಿಟ್ಟುಹೋಗುವುದು, ಮೊದಲ ಮತ್ತು ಕೊನೆಯ ಸ್ಥಿತಿಗಳು ಪರಸ್ಪರ ಲಂಬವಾಗಿದ್ದರೆ ಮಾತ್ರ. ಕೈಯಿಂದ ಊಹಿಸಿದ ವೇರಿಯೇಶನಲ್ ಫಲನಗಳನ್ನು 1ಎಸ್‌ಗೂ 2ಎಸ್‌ಗೂ ಬೇರೆ ಬೇರೆಯಾಗಿ ತಂದರೆ ಅವು ಲಂಬವಾಗಿರುವುದಿಲ್ಲ. ಆಗ ಉತ್ತರದಲ್ಲಿ ನ್ಯೂಕ್ಲಿಯಸ್‌ನ ಸುಳ್ಳು ಪಾಲು ಕಳ್ಳದಾರಿಯಲ್ಲಿ ಸೇರಿಕೊಳ್ಳುತ್ತದೆ. ಎರಡು ಫಲನಗಳ ಗುಣಲಬ್ಧದ ಅನುಕಲನ ಸೊನ್ನೆ ಬರುತ್ತದೆಯೇ ಎಂದು ಮುದ್ರಿಸಿ ನೋಡಿ.

ಒರೆಗಲ್ಲು: ಹೈಡ್ರೋಜನ್, 1ಎಸ್‌ನಿಂದ 2ಪಿಗೆ, 54.4 ಇಲೆಕ್ಟ್ರಾನ್ ವೋಲ್ಟಿನಲ್ಲಿ. ಮರೆಯೇ ಇಲ್ಲದ ಬೋರ್ನ್ ಲೆಕ್ಕಕ್ಕೆ ಸುಮಾರು 3.3 ಚದರ ಬೋರ್. ಹಳೆಯ ಮಟ್ಟ, ಹಳೆಯ ಫಲನಗಳನ್ನೇ ಇಟ್ಟು ಛೇದದಲ್ಲಿ ಮಾತ್ರ ಕಪ್ಪಾ 0.1 ಸೇರಿಸಿದರೆ ಸುಮಾರು 2.7. ಇವೆರಡೂ ಕೈಲೆಕ್ಕದಲ್ಲಿ ಸಿಗುವ ಸಂಖ್ಯೆಗಳು. ನಿಮ್ಮ ಪ್ರೋಗ್ರಾಮ್ ಮೊದಲು ಇವನ್ನು ಕೊಡಲಿ, ಆಮೇಲೆ ಹೊಸ ಮಟ್ಟ, ಹೊಸ ಫಲನಗಳನ್ನು ಒಂದೊಂದಾಗಿ ಸೇರಿಸಿ. ಎಲ್ಲವನ್ನೂ ಒಮ್ಮೆಲೇ ಬದಲಾಯಿಸಿದರೆ ಯಾವುದು ಎಷ್ಟು ಬದಲಾಯಿಸಿತು ಎಂದು ಹೇಳಲು ಬರುವುದಿಲ್ಲ.

ಹಂತ 6: ಸಮಯದ ಪರೀಕ್ಷೆ

ಇಡೀ ಲೇಖನದಲ್ಲಿ ಒಂದೇ ಹಂತವನ್ನು ಓದುತ್ತೇನೆ ಎನ್ನುವವರು ಇದನ್ನು ಓದಿ.

ಡೀಬೈ ವಿಭವ ನಿಂತ ವಿದ್ಯುದಂಶಕ್ಕೆ ಹೇಳಿ ಮಾಡಿಸಿದ್ದು. ಸುತ್ತಲಿನ ಇಲೆಕ್ಟ್ರಾನುಗಳು ಒಟ್ಟುಗೂಡಿ ಮರೆ ಕಟ್ಟಲು ಪ್ಲಾಸ್ಮಾ ಆವೃತ್ತಿಗೆ ತಕ್ಕ ಸಮಯ ಬೇಕು. ನ್ಯೂಕ್ಲಿಯಸ್ ಅಲ್ಲಾಡದೆ ಕುಳಿತಿದೆ, ಅದರ ಸುತ್ತ ಮರೆ ಕಟ್ಟಲು ಬೇಕಾದಷ್ಟು ಹೊತ್ತಿದೆ. ಆದರೆ ಉದ್ರೇಕ ಹಾಗಲ್ಲ. ಅಯಾನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರುವಾಗ ಬಡಿಯುವ ಇಲೆಕ್ಟ್ರಾನಿನಿಂದ ಕೀಳುವುದು ಒಂದು ನಿರ್ದಿಷ್ಟ ಆವೃತ್ತಿಯ ಬಲವನ್ನು, ಉದ್ರೇಕ ಶಕ್ತಿಗೆ ಸರಿಯಾದದ್ದನ್ನು. ಆ ಆವೃತ್ತಿಗೆ ಪ್ಲಾಸ್ಮಾ ಹೇಗೆ ಸ್ಪಂದಿಸುತ್ತದೆ ಎಂಬುದೇ ಪ್ರಶ್ನೆ.

ಮೊದಲ ಹಂತದಲ್ಲಿ ಬರೆದಿಟ್ಟ 3.7ನ್ನು ಈಗ ಹೊರತೆಗೆಯಿರಿ. ಹೈಡ್ರೋಜನ್‌ನ ಉದ್ರೇಕ ಶಕ್ತಿ 9.8 ಇಲೆಕ್ಟ್ರಾನ್ ವೋಲ್ಟ್, ಅದರ 2.6 ಪಟ್ಟು. ಹೀಲಿಯಂ ಅಯಾನಿನದು 40.4, ಹತ್ತಿರ ಹತ್ತಿರ 11 ಪಟ್ಟು. ಪ್ಲಾಸ್ಮಾ ಆವೃತ್ತಿಗಿಂತ ಇಷ್ಟು ಮೇಲಿನ ಆವೃತ್ತಿಯಲ್ಲಿ ಉದ್ದ ತರಂಗಗಳಿಗೆ ಡೈಇಲೆಕ್ಟ್ರಿಕ್ ಫಲನ (ಪ್ಲಾಸ್ಮಾ ಬಲವನ್ನು ಎಷ್ಟರಿಂದ ಭಾಗಿಸುತ್ತದೆ ಎಂಬ ಸಂಖ್ಯೆ), ಒಂದರಿಂದ ಈ ಅನುಪಾತದ ವರ್ಗದ ವ್ಯುತ್ಕ್ರಮವನ್ನು ಕಳೆದಷ್ಟು. ಹೀಲಿಯಂ ಅಯಾನಿಗೆ ಅದು 0.99. ಅಂದರೆ ಮರೆಯೇ ಇಲ್ಲ. ಹೈಡ್ರೋಜನ್‌ಗೆ 0.86. ಒಂದಕ್ಕಿಂತ ಕಡಿಮೆ ಎಂದರೆ ಬಲ ತಗ್ಗುವುದಿಲ್ಲ, ತುಸು ಹೆಚ್ಚೇ ಆಗುತ್ತದೆ! ಐದನೆಯ ಹಂತದಲ್ಲಿ 3.3ನ್ನು 2.7ಕ್ಕೆ ಇಳಿಸಿದ ಆ ಸಾಲು ಈ ಪ್ಲಾಸ್ಮಾದಲ್ಲಿ ಮರೆಯನ್ನು ಅತಿಯಾಗಿ ಎಣಿಸಿದೆ.

ಮರೆ ಕೆಲಸ ಮಾಡುವುದು ದೂರದಿಂದ ಹೋಗುವ, ಕಡಿಮೆ ಸಂವೇಗ ಕೊಡುವ ಡಿಕ್ಕಿಗಳಲ್ಲಿ. ಉದ್ರೇಕಕ್ಕೆ ಅಂಥ ದೂರದ ಡಿಕ್ಕಿಗಳು ಒದಗಬೇಕಾದರೆ ಇಲೆಕ್ಟ್ರಾನ್ ವೇಗವಾಗಿರಬೇಕು. ಉದ್ರೇಕದ ಆವೃತ್ತಿ ಪ್ಲಾಸ್ಮಾ ಆವೃತ್ತಿಗಿಂತ ಹೆಚ್ಚಿದ್ದಾಗ, ಅಷ್ಟು ವೇಗದ ಇಲೆಕ್ಟ್ರಾನ್ ಪ್ಲಾಸ್ಮಾದ ಸಾಮಾನ್ಯ ಇಲೆಕ್ಟ್ರಾನುಗಳನ್ನು ಹಿಂದೆ ಹಾಕಿ ಓಡುತ್ತಿರುತ್ತದೆ, ಮರೆ ಕಟ್ಟುವವರು ಅದನ್ನು ಮುಟ್ಟುವುದೇ ಇಲ್ಲ. ಹೀಗಾಗಿ ನಿಂತ ಮರೆಯ ಸೂತ್ರ ಎಲ್ಲಿ ದೊಡ್ಡ ಪರಿಣಾಮ ತೋರಿಸುತ್ತದೋ ಸರಿಯಾಗಿ ಅಲ್ಲೇ ಅದನ್ನು ನಂಬಲಾಗದು. ಪಕ್ಕಪಕ್ಕದ ಮಟ್ಟಗಳ ನಡುವಿನ ಸಣ್ಣ ಜಿಗಿತ, ಉದಾಹರಣೆಗೆ 2ಎಸ್‌ನಿಂದ 2ಪಿಗೆ, ಬೇರೆ ಮಾತು. ಹೀಲಿಯಂ ಅಯಾನಿನಲ್ಲಿ ಅವುಗಳ ಅಂತರ 0.1 ಇಲೆಕ್ಟ್ರಾನ್ ವೋಲ್ಟಿನಷ್ಟು, 3.7ರ ಮುಂದೆ ಏನೂ ಅಲ್ಲ. ಅಲ್ಲಿ ಮರೆಯನ್ನು ಧಾರಾಳವಾಗಿ ಹಾಕಿ, ಹಾಕದಿದ್ದರೇ ತಪ್ಪು.

ಪ್ರಬಂಧಕ್ಕೆ ನಾನು ಹೇಳುವುದು ಇಷ್ಟು: ಎರಡಲ್ಲ, ಮೂರು ಗೆರೆ ಎಳೆಯಿರಿ. ಮರೆಯೇ ಇಲ್ಲದ್ದು, ಮಟ್ಟ ಮತ್ತು ತರಂಗ ಫಲನಗಳಿಗೆ ಮಾತ್ರ ಮರೆ ಇರುವುದು, ಎಲ್ಲ ಕಡೆಯೂ ಇರುವುದು. ಉದ್ರೇಕ ಶಕ್ತಿ ಪ್ಲಾಸ್ಮಾ ಆವೃತ್ತಿಯ ಶಕ್ತಿಗಿಂತ ಬಹಳ ಹೆಚ್ಚಿದ್ದರೆ ನಡುವಿನ ಗೆರೆಯನ್ನು ಮುಖ್ಯ ಫಲಿತಾಂಶವಾಗಿ ಕೊಡಿ, ಮೂರನೆಯದನ್ನು ಹೋಲಿಕೆಗೆ ಇಡಿ.

ಹಂತ 7: ಹೊಸ್ತಿಲ ಬಳಿ ಬೋರ್ನ್ ನಡೆಯುವುದಿಲ್ಲ

ಉದ್ರೇಕದ ಹೊಸ್ತಿಲಿನಿಂದ ಸ್ವಲ್ಪವೇ ಮೇಲಿರುವ ಶಕ್ತಿಗಳಿಗೆ ಬೋರ್ನ್ ಅಂದಾಜನ್ನು ಬಿಟ್ಟು ಪಾರ್ಶಿಯಲ್ ವೇವ್ ಲೆಕ್ಕಕ್ಕೆ (ಇಲೆಕ್ಟ್ರಾನಿನ ತರಂಗವನ್ನು ಕೋನೀಯ ಸಂವೇಗದ ಪ್ರಕಾರ ಬಿಡಿಸಿ ಒಂದೊಂದಾಗಿ ಲೆಕ್ಕ ಹಾಕುವುದಕ್ಕೆ) ಬರಬೇಕು. ಒಂದು ಸೆಮಿಸ್ಟರಿನ ಪ್ರಾಜೆಕ್ಟ್‌ಗೆ ಡಿಸ್ಟಾರ್ಟೆಡ್ ವೇವ್ (ಅಯಾನಿನ ವಿಭವದಲ್ಲಿ ಬದಲಾದ ತರಂಗವನ್ನು ಬಳಸುವ ವಿಧಾನ) ಸಾಕು. ಹಲವು ಮಟ್ಟಗಳನ್ನು ಬೆಸೆದು ಒಟ್ಟಿಗೇ ಬಿಡಿಸುವ ಕ್ಲೋಸ್ ಕಪ್ಲಿಂಗ್ ತಲೆನೋವನ್ನು ಪಿಎಚ್.ಡಿ.ಗೆ ಬಿಡಿ. ಮೂರು ಕಡೆ ಜಾರುತ್ತೀರಿ.

ಮೊದಲನೆಯದು, ಎರಡು ಇಲೆಕ್ಟ್ರಾನುಗಳ ನಡುವಿನ ಮರೆಯಿರುವ ಬಲವನ್ನು ಬಿಡಿಸಿ ಬರೆಯುವುದು. ಕೂಲಂ ಬಲದ ಹಳೆಯ ಸರಣಿಗೆ ಘಾತೀಯ ಇಳಿಕೆಯನ್ನು ಅಂಟಿಸಿದರೆ ಆಗುವುದಿಲ್ಲ. ಮಾಡಿಫೈಡ್ ಸ್ಫೆರಿಕಲ್ ಬೆಸೆಲ್ ಫಲನಗಳ ಗುಣಲಬ್ಧ ಬೇಕು. ಇವುಗಳ ಎರಡನೆಯ ಬಗೆಯನ್ನು ಸೈಪೈ ಕೊಡುವಾಗ ಪೈ ಭಾಗ ಎರಡು ಎಂಬ ಗುಣಕವನ್ನು ಒಳಗೇ ಇಟ್ಟು ಕೊಡುತ್ತದೆ. ಕೆಲವು ಪುಸ್ತಕಗಳಲ್ಲಿ ಅದು ಇರುವುದಿಲ್ಲ. ನಿಮ್ಮ ಕ್ರಾಸ್ ಸೆಕ್ಷನ್ ಎಲ್ಲ ಶಕ್ತಿಗಳಲ್ಲೂ 2.47 ಪಟ್ಟು ಹೆಚ್ಚು ಬರುತ್ತಿದ್ದರೆ ಕಾರಣ ಇದೇ, ಬೇರೆಲ್ಲೂ ಹುಡುಕಬೇಡಿ.

ಎರಡನೆಯದು, ಹೊರಗಿನ ಅಂಚಿನಲ್ಲಿ ಫಲನವನ್ನು ಜೋಡಿಸುವುದು. ಅಯಾನು ಎಂದೊಡನೆ ಕೂಲಂ ಫಲನಗಳಿಗೆ ಕೈ ಹೋಗುತ್ತದೆ. ಆದರೆ ಡೀಬೈ ಮರೆಯಲ್ಲಿ ದೂರದಲ್ಲಿ ಕೂಲಂ ಬಲವೇ ಉಳಿದಿಲ್ಲ. ಡೀಬೈ ಉದ್ದದ ಹತ್ತು–ಹದಿನೈದು ಪಟ್ಟು ಆಚೆಗೆ ಹೋಗಿ ಸಾದಾ ಸ್ಫೆರಿಕಲ್ ಬೆಸೆಲ್ ಫಲನಗಳಿಗೆ ಜೋಡಿಸಿ. ಇದರ ಫಲ ಹೊಸ್ತಿಲಲ್ಲಿ ಎದ್ದು ಕಾಣುತ್ತದೆ. ಮರೆಯಿಲ್ಲದ ಅಯಾನಿಗೆ ಹೊಸ್ತಿಲಲ್ಲೇ ಕ್ರಾಸ್ ಸೆಕ್ಷನ್ ಒಂದು ನಿರ್ದಿಷ್ಟ ಬೆಲೆಯಿಂದ ಶುರುವಾಗುತ್ತದೆ. ಮರೆ ಇದ್ದಾಗ ಸೊನ್ನೆಯಿಂದ ಏಳುತ್ತದೆ. ಡೀಬೈ ವಿಭವ ಹಾಕಿಯೂ ಹೊಸ್ತಿಲಲ್ಲಿ ಸೊನ್ನೆ ಬರದಿದ್ದರೆ ಎಲ್ಲೋ ಕೂಲಂ ಫಲನ ಉಳಿದುಕೊಂಡಿದೆ. ಅದೇ ಕಾರಣಕ್ಕೆ, ಡೀಬೈ ಉದ್ದವನ್ನು ಹತ್ತು ಲಕ್ಷ ಬೋರ್ ಮಾಡಿ ಮರೆಯಿಲ್ಲದ ಉತ್ತರ ಬರುತ್ತದೆಯೇ ಎಂದು ಈ ಪ್ರೋಗ್ರಾಮಿನಲ್ಲೇ ನೋಡಲು ಹೋಗಬೇಡಿ. ಜೋಡಿಸುವ ಅಂಚು ಅಷ್ಟು ದೂರ ಹೋಗಲಾರದು. ಮರೆಯಿಲ್ಲದ ಲೆಕ್ಕಕ್ಕೆ ಕೂಲಂ ಫಲನಗಳ ಬೇರೆಯೇ ಪ್ರೋಗ್ರಾಮ್ ಇರಲಿ.

ಮೂರನೆಯದು, ಎಷ್ಟು ಪಾರ್ಶಿಯಲ್ ವೇವ್ ಬೇಕು ಎಂಬುದು. ತರಂಗ ಸಂಖ್ಯೆಯನ್ನು ಡೀಬೈ ಉದ್ದದಿಂದ ಗುಣಿಸಿ: 2 × 10 = 20. ಅದರ ಎರಡು ಮೂರು ಪಟ್ಟಿನವರೆಗೆ ಹೋಗಿ, ಕೊನೆಯ ಐದರ ಪಾಲನ್ನು ಮುದ್ರಿಸಿ ನೋಡಿ.

ಹೊಸ್ತಿಲಿನ ಕೆಳಗಿನ ಅನುರಣನಗಳ (ಇಲೆಕ್ಟ್ರಾನ್ ಅಯಾನಿನಲ್ಲಿ ಕೊಂಚ ಹೊತ್ತು ಸಿಕ್ಕಿಕೊಳ್ಳುವ ಶಕ್ತಿಗಳ) ಬಗ್ಗೆ ಒಂದು ಮಾತು. ಮರೆಯಿಲ್ಲದ ಅಯಾನಿಗೆ ಅವು ಅನಂತ ಸಾಲಾಗಿ ಹೊಸ್ತಿಲ ಹತ್ತಿರ ದಟ್ಟೈಸುತ್ತವೆ. ಮರೆಯಿದ್ದಾಗ ಕೆಲವೇ ಉಳಿಯುತ್ತವೆ, ಡೀಬೈ ಉದ್ದ ಕಡಿಮೆಯಾದಂತೆ ಒಂದೊಂದಾಗಿ ಹೊಸ್ತಿಲನ್ನು ದಾಟುತ್ತವೆ. ದಾಟುವ ಹೊತ್ತಿಗೆ ಕ್ರಾಸ್ ಸೆಕ್ಷನ್ ಅಲ್ಲಿ ಏಕಾಏಕಿ ಉಬ್ಬಬಹುದು. ‘ಸ್ಕ್ರೀನಿಂಗ್ ಎಂದರೆ ಇಳಿಕೆ’ ಎಂದು ನಂಬಿದವರು ಈ ಉಬ್ಬನ್ನು ಪ್ರೋಗ್ರಾಮಿನ ತಪ್ಪೆಂದು ಅಳಿಸಿಹಾಕುತ್ತಾರೆ. ಶಕ್ತಿಯ ಹೆಜ್ಜೆಯನ್ನು ಕಿರಿದು ಮಾಡಿ ಮತ್ತೆ ಓಡಿಸಿ. ಉಬ್ಬು ನಯವಾಗಿ ಅಲ್ಲೇ ನಿಂತರೆ ಅದು ನಿಜ.

ಹಂತ 8: ಡಿಕ್ಕಿಯ ದರ

ಪ್ಲಾಸ್ಮಾ ಮಾದರಿಗಳಿಗೆ ಕೊನೆಗೆ ಬೇಕಾಗುವುದು ಕ್ರಾಸ್ ಸೆಕ್ಷನ್ ಅಲ್ಲ, ಮ್ಯಾಕ್ಸ್‌ವೆಲ್ ಹಂಚಿಕೆಯ ಮೇಲೆ ಸರಾಸರಿ ತೆಗೆದ ದರ. ಅನುಕಲನದ ಕೆಳಮಿತಿ ಹೊಸ ಹೊಸ್ತಿಲು ಶಕ್ತಿ, ಹಳೆಯದಲ್ಲ.

ಇಲ್ಲಿ ನಡೆಯುವ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಡೀಬೈ ಉದ್ದವನ್ನು 10 ಎಂದು ಮೇಲೆ ಬರೆದಿಟ್ಟು, ಕೆಳಗೆ ತಾಪವನ್ನು 10ರಿಂದ 200 ಇಲೆಕ್ಟ್ರಾನ್ ವೋಲ್ಟಿನವರೆಗೆ ಓಡಿಸುತ್ತಾರೆ. ಸಾಂದ್ರತೆ ಸ್ಥಿರವಾಗಿದ್ದರೆ ಡೀಬೈ ಉದ್ದ ತಾಪದ ವರ್ಗಮೂಲದಂತೆ ಬದಲಾಗಬೇಕು. ಅದರೊಂದಿಗೆ ಮಟ್ಟಗಳು, ಫಲನಗಳು, ಕ್ರಾಸ್ ಸೆಕ್ಷನ್ ಎಲ್ಲವೂ. ಪ್ರತಿ ತಾಪಕ್ಕೂ ಒಂದನೆಯ ಹಂತಕ್ಕೆ ಮರಳಿ ಹೋಗಲೇಬೇಕು. ಹಾಗೆ ಹೋದಾಗಲೇ 10 ಇಲೆಕ್ಟ್ರಾನ್ ವೋಲ್ಟಿನ ಬಿಂದುವಿನಲ್ಲಿ ಡೀಬೈ ಗೋಳ ಖಾಲಿಯಾಗಿರುವುದು ಕಾಣುತ್ತದೆ, ಆ ಬಿಂದುವನ್ನು ಗ್ರಾಫಿನಿಂದ ತೆಗೆಯಬೇಕಾಗುತ್ತದೆ.

ಕೊನೆಯ ಪರೀಕ್ಷೆ ವಿವರ ಸಮತೋಲನದ್ದು (ಡಿಟೇಲ್ಡ್ ಬ್ಯಾಲೆನ್ಸ್), ಅಂದರೆ ಏರುವ ಮತ್ತು ಇಳಿಯುವ ಡಿಕ್ಕಿಗಳ ನಡುವಿನ ಸಂಬಂಧದ್ದು. ಏಳನೆಯ ಹಂತದ ಪ್ರೋಗ್ರಾಮಿಗೆ 1ಎಸ್‌ನಿಂದ 2ಪಿಗೆ ಏರುವ ಕ್ರಾಸ್ ಸೆಕ್ಷನ್ನನ್ನೂ 2ಪಿಯಿಂದ 1ಎಸ್‌ಗೆ ಇಳಿಯುವುದನ್ನೂ ಬೇರೆ ಬೇರೆಯಾಗಿ ಕೇಳಿ. ಏರುವುದನ್ನು ಒಳಬರುವ ಶಕ್ತಿಯಿಂದ ಗುಣಿಸಿ. ಇಳಿಯುವುದನ್ನು ಉಳಿದ ಶಕ್ತಿಯಿಂದಲೂ, 2ಪಿಯ ಮೂರು ದಿಕ್ಕುಗಳಿಗಾಗಿ 3ರಿಂದಲೂ ಗುಣಿಸಿ. ಎರಡೂ ಒಂದೇ ಆಗಬೇಕು. ಎತ್ತರದ ಶಕ್ತಿಗಳಲ್ಲಿ ಹೊಂದಿ, ಹೊಸ್ತಿಲ ಬಳಿ ಮಾತ್ರ ತಪ್ಪಿದರೆ ಎಲ್ಲೋ ಒಂದು ಸಾಲಿನಲ್ಲಿ 0.375 ಹಾರ್ಟ್ರಿ ಇನ್ನೂ ಉಳಿದಿದೆ. ಪ್ರೋಗ್ರಾಮಿನಲ್ಲಿ ಆ ಸಂಖ್ಯೆಯನ್ನು ಹುಡುಕಿ, ಅದರ ಜಾಗಕ್ಕೆ ಮೂರನೆಯ ಹಂತದ ಶಕ್ತಿಯನ್ನು ಹಾಕಿ, ಮತ್ತೆ ಓಡಿಸಿ.